ಎಲೋಯ್ ಅವರ ಮುಗಿಯದ ಶೆವರ್ಲೆ

ನ್ಯೂ ಮೆಕ್ಸಿಕೋದ ಎಲೋಯ್ ಆರ್ಚುಲೆಟಾ ಅಪ್ಪನ ಕಾಲದ ಶೆವರ್ಲೆ ಕಾರಿಗೆ ಒಂದು ನಟ್ಟು ಬಿಗಿಯುವಾಗಲೂ ಹೃದಯದ ಆಪರೇಷನ್ ಮಾಡುವವರಂತೆ ಮುಖ ಮಾಡಿಕೊಳ್ಳುತ್ತಾರೆ. ಯಾವಾಗ ಮುಗಿಯುತ್ತದೆ ಎಂದವರಿಗೆ, "ಇದೇನು ತಮಾಲೆ ಕಡುಬು ಬೇಯ್ಸೋ ಕೆಲ್ಸಾನಾ?" ಎಂದು ಗದರುತ್ತಾರೆ. ಅಲ್ಲಿನವರ ಷೋಕಿಯಂತೆ ಕಾರನ್ನು ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿಸಿದ್ದಾರೆ. ಸಾಲದೆಂದು ಮತ್ತೆ ತಗ್ಗಿಸುತ್ತಾರೆ. "ಇನ್ನೂ ತಗ್ಸಿದ್ರೆ ಹೂತೇ ಹಾಕ್ಬೇಕಾಗುತ್ತೆ ಕಣ್ರೀ" ಎನ್ನುತ್ತಾಳೆ ಹೆಂಡತಿ ರಮೋನಾ. ಮದುವೆಯಾದ ಮಗಳು ಡೆಲ್ಫಿನಾ ಶನಿವಾರವಾದರೆ ಸ್ಪ್ಯಾನರ್ ಹಿಡಿದು ಹಾಜರು. ಊಟದ ಮೇಜಿನಲ್ಲಿ ತುಟಿ ಬಿಚ್ಚದ ಅಪ್ಪ-ಮಗಳಿಬ್ಬರಿಗೂ ಬಾನೆಟ್ಟಿನೊಳಗೆ ತಲೆ ತೂರಿಸಿದರೆ ಮಾತೇ ಮಾತು. ಮೊನ್ನೆ ಕೊನೆಯ ಬೋಲ್ಟೂ ಕೂತು ಎಂಜಿನ್ ಒಂದೇ ಸಲಕ್ಕೆ ಶುರುವಾದಾಗ, ಇನ್ನಿವಳು ಯಾಕೆ ಬಂದಾಳು ಎಂದು ಎಲೋಯ್ ಸಪ್ಪಗಾದರು. ಡೆಲ್ಫಿನಾ ಕಾರಿಗೊಂದು ಸುತ್ತು ಬಂದು, "ಅಪ್ಪಾ, ಈ ಕೆಂಪು ಯಾಕೋ ಒಪ್ತಿಲ್ಲ. ಕೆರೆದು ಬೇರೆ ಬಣ್ಣ ಬಳಿಯೋಣ್ವಾ?" ಎಂದಳು. "ನಾನೂ ಅದನ್ನೇ ಹೇಳೋಣಾಂತಿದ್ದೆ" ಎಂದ ಎಲೋಯ್, ಥಟ್ಟನೆ ಎಂಜಿನ್ ಆರಿಸಿದರು.