ಗೋಣಿಚೀಲದಲ್ಲಿ ಹೋದ ಬೋರಿ

ಆಗೆಲ್ಲ ಹೊನ್ನವಳ್ಳಿ ಕಡೆ ತೆಂಗಿನ ತೋಟವಿದ್ದ ಮನೆಗೊಂದು ಅಟ್ಟ, ಅಟ್ಟಕ್ಕೊಂದು ಬೆಕ್ಕು ಇದ್ದೇ ಇರುತ್ತಿತ್ತು. ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಒಳಗೇ ಒಣಗಿ ಕೊಬ್ಬರಿಯಾಗಲು ವರ್ಷದ ತನಕ ಬಿಡುತ್ತಿದ್ದರು. ಕೆಳಗಿನ ಒಲೆಯ ಹೊಗೆ ತಾಗಿ ಅಲ್ಲಿ ಯಾವಾಗಲೂ ಬೆಚ್ಚಗಿನ ಎಣ್ಣೆವಾಸನೆ. ಮಕ್ಕಳೆಲ್ಲ ಒಂದೊಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆವು. ಲೊಟಲೊಟ ಅಂದರೆ ಒಳಗಿನ ಗಿಟುಕು, ಅಂದರೆ ಇಡೀ ಕೊಬ್ಬರಿ, ಚಿಪ್ಪು ಬಿಟ್ಟಿದೆ ಅಂತ. ಮೊದಲು ಸದ್ದು ಕೇಳಿಸಿಕೊಂಡವರು ಗೆದ್ದ ಹಾಗೆ.

ನಮ್ಮ ಅಟ್ಟದ ಬೆಕ್ಕು ಬೋರಿ. ಕಂದುಬಣ್ಣ, ಬಾಲದ ತುದಿ ಮಾತ್ರ ಮುರಿದ ಹಾಗೆ ಎಡಕ್ಕೆ ವಾಲಿತ್ತು. ಆ ಬೇಸಿಗೆಯಲ್ಲಿ ಮೂಲೆಯ ನಾರಿನ ರಾಶಿಯಲ್ಲಿ ಮೂರು ಮರಿ ಹಾಕಿತ್ತು. ಅವಿನ್ನೂ ಕಣ್ಣು ಬಿಟ್ಟಿರಲಿಲ್ಲ.

ಅದೇ ವಾರ ಕಾಯಿ ಸುಲಿಸಿ, ಒಡೆಸಿ, ಕೊಬ್ಬರಿ ತುಂಬಿ, ಟೆಂಪೋದಲ್ಲಿ ತಿಪಟೂರಿನ ಮಂಡಿಗೆ ಕಳಿಸಿದರು. ಸಂಜೆ ನೋಡಿದರೆ ಬೋರಿ ಇಲ್ಲ. ಮರಿಗಳು ಒಂದನ್ನೊಂದು ಚೀಪುತ್ತ ಕಿರುಚುತ್ತಿದ್ದವು. ಕೊಬ್ಬರಿಯ ಜೊತೆ ಟೆಂಪೋಗೆ ಹಾಕಿದ ಖಾಲಿ ಗೋಣಿಚೀಲಗಳ ಕಂತೆಯೊಳಗೇ ಅದು ಮಲಗುತ್ತಿದ್ದುದು ನೆನಪಾಗಿ ಅಜ್ಜಿಯ ಹತ್ತಿರ ಓಡಿದೆ. ನಮ್ಮ ಕಡೆ ಬೇಡದ ಬೆಕ್ಕನ್ನು ಊರಾಚೆ ಬಿಡುವವರು ಚೀಲದಲ್ಲಿ ಕಟ್ಟಿಯೇ ಒಯ್ಯುತ್ತಿದ್ದರು. ದಾರಿ ಕಾಣದ ಬೆಕ್ಕು ತಿರುಗಿ ಬರುವುದಿಲ್ಲ ಎಂಬ ನಂಬಿಕೆ.

“ಅಜ್ಜೀ, ಮರಿಗಳು ಸತ್ತೋಗ್ತವಾ?”

“ಬಾಯ್ಮುಚ್ಚೇ. ದೀಪ ಹಚ್ಚೋ ಹೊತ್ನಲ್ಲಿ ಅಂಥಾ ಮಾತಾ?”

ಅಜ್ಜಿ ದೇವರಮನೆಯಿಂದ ಹೊಸ ಬತ್ತಿ ತಂದು, ಮೇಕೆಹಾಲಿನಲ್ಲಿ ಅದ್ದಿ ಮರಿಗಳ ಬಾಯಿಗೆ ಇಟ್ಟಳು.

“ಇದು ದೇವರ ಬತ್ತಿ ಅಲ್ವಾ?”

“ಹೂಂ ಕಣೇ. ಶೀನಪ್ಪ ಏನೂ ಅನ್ಕಳಲ್ಲ ಬುಡು. ಇವತ್ತು ಒಂದು ಬತ್ತಿ ಕಮ್ಮಿ ಉರೀಲಿ.”

ಸಂಪಿಗೆ ಊರಿನ ಶ್ರೀನಿವಾಸ ನಮ್ಮ ಮನೆದೇವರು. ಅಜ್ಜಿಗೆ ಅವನು ಶೀನಪ್ಪ.

ಬೆಳಗ್ಗೆ ಒಂದು ಮರಿ ತಣ್ಣಗಾಗಿತ್ತು. ಅಜ್ಜಿ ಅಪ್ಪನ ಮೇಲೆ ಹರಿಹಾಯ್ದಳು. “ಇನ್ನೂ ನಿಂತಿದೀಯಲ್ಲೋ! ಮಂಡೀಗೋಗಿ ನೋಡ್ಕಂಬಾ.”

“ಬೆಕ್ಕು ಹುಡ್ಕಕ್ಕೆ ಬಸ್ ಹತ್ತೋರ್ನ ಎಲ್ಲಾರಾ ಕಂಡಿದ್ದೀಯೇನವ್ವಾ? ಜನ ನಗ್ತಾರೆ.”

“ನಗ್ಲಿ ಬುಡು. ನಾಳೆ ಅಟ್ಟಕ್ಕೆ ಇಲಿ ಹತ್ತಿದ್ರೆ ಆ ಜನನ್ನೇ ಕರ್ಕಂಬಂದು ಹಿಡ್ಸು.”

ಅಪ್ಪ ನನ್ನನ್ನೂ ಕರೆದುಕೊಂಡು ಹೊರಟ. ನಮ್ಮ ಚೀಲ ಇಳಿಸಿದ್ದ ಮಂಡಿಯಲ್ಲಿ ಕೊಬ್ಬರಿ ಆರಿಸುವ ಗಂಗಮ್ಮ ಎಂಬಾಕೆ ಬುತ್ತಿ ಬಿಚ್ಚಿ ಕೂತಿದ್ದಳು. ಅಲ್ಲಿ ಅಲೆಯುವ ಬೆಕ್ಕುಗಳೆಲ್ಲ ಆಕೆಯ ಮೊಸರನ್ನಕ್ಕೆ ಪಾಲುದಾರರು. ಪಕ್ಕದಲ್ಲಿ ಬೋರಲು ಹಾಕಿದ ಬಿದಿರು ಮಂಕರಿ, ಅದರ ಮೇಲೊಂದು ಕಲ್ಲು.

ಅಪ್ಪ ಬೆಕ್ಕಿನ ಸುದ್ದಿ ಎತ್ತುತ್ತಲೇ, “ಗುರ್ತು ಏಳು ಮಗ,” ಎಂದು ನನ್ನನ್ನೇ ಕೇಳಿದಳು.

“ಬಾಲ ಸೊಟ್ಟ. ಎಡಗಡೀಕೆ.”

“ಹಂಗಾರೆ ನಿಂದೇ.” ಕಲ್ಲು ತೆಗೆದಳು. “ಮೊಲೇಲಿ ಹಾಲು ಕಟ್ಕಂಡದೆ ಕಣಪ್ಪ, ಪಾಪ. ಬುಟ್ಟಿದ್ರೆ ಮರಿ ಹುಡ್ಕಂಡೋಗಿ ಲಾರಿ ಚಕ್ರಕ್ಕೆ ಸಿಗೋದು. ಕಳ್ಕಂಡೋರು ಇಲ್ಲೀಗೇ ಬತ್ತಾರೆ ಅಂತ ಮುಚ್ಚಿಟ್ಟೆ.”

ಅಪ್ಪ ಚೀಲ ಬಿಡಿಸಿದ. ಗಂಗಮ್ಮ ಅದನ್ನು ಕಿತ್ತುಕೊಂಡಳು. “ಚೀಲ ಬ್ಯಾಡ. ಟವಲ್ನಲ್ಲಿ ಸುತ್ತಿ ಮುಖ ಹೊರಗೆ ಬುಡು. ದಾರಿ ನೋಡ್ಕಳ್ಲಿ. ಇನ್ನೊಂದ್ಸಲ ಕಳೆದ್ರೆ ತಾನೇ ಬತ್ತದೆ.”

ಬಸ್ಸಿನಲ್ಲಿ ಕಂಡಕ್ಟರ್ ಬಗ್ಗಿ ನೋಡಿದ. “ಏನ್ ಯಜಮಾನ್ರೇ, ಇದಕ್ಕೆ ಫುಲ್ಲಾ, ಹಾಫಾ?”

“ಬಾಣಂತಿ ಕಣಪ್ಪ. ಮೊದ್ಲು ಸೀಟ್ ಕೊಡ್ಸು.”

ನಗುವರೆಂದು ಹೆದರಿದ್ದ ಅಪ್ಪನೇ ಎಲ್ಲರನ್ನೂ ನಗಿಸಿದ. ಯಾರೋ ಕಿಟಕಿಯ ಜಾಗ ಬಿಟ್ಟುಕೊಟ್ಟರು. ಹೊನ್ನವಳ್ಳಿ ಬರುವಷ್ಟರಲ್ಲಿ ಇಡೀ ಬಸ್ಸಿನವರೇ ಬೋರಿಗೆ ನೆಂಟರಾಗಿದ್ದರು.

ಬಿಟ್ಟ ಕೂಡಲೇ ಬೋರಿ ಅಟ್ಟದ ಏಣಿಗೆ ಹಾರಿತು. ಸ್ವಲ್ಪ ಹೊತ್ತಿಗೆ ಮೇಲಿನ ಕಿರುಚಾಟ ನಿಂತಿತು. ಅಜ್ಜಿ ದೇವರಮನೆಯ ಕಡೆ ತಿರುಗಿ, “ಎರಡಾದ್ರೂ ಉಳಿಸ್ದಲ್ಲಪ್ಪ,” ಎಂದು ಕೈಮುಗಿದಳು. ಹೋದುದನ್ನು ಬಿಟ್ಟು ಉಳಿದುದನ್ನು ಎಣಿಸುವುದನ್ನು ನಾನು ಕಲಿತದ್ದು ಅವಳಿಂದಲೇ.

ಈಗ ತಿಪಟೂರಿನಲ್ಲಿ ನನ್ನ ಸಂಸಾರ. ಮನೆಗೆ ತಾರಸಿ ಇದೆ, ಅಟ್ಟವಿಲ್ಲ. ಹೋದ ಆಷಾಢದಲ್ಲಿ ನನ್ನ ಮಗಳ ಬೆಕ್ಕು ತಪ್ಪಿಸಿಕೊಂಡಿತು. ಪ್ರಾಣಿಗಳಿಗೆ ಆಸರೆ ಕೊಡುವವರೊಬ್ಬರು ಅದನ್ನು ಹಿಡಿದಿಟ್ಟುಕೊಂಡು ಫೋನಿನಲ್ಲಿ ಫೋಟೋ ಹಾಕಿದ್ದರು. ಬೀದಿಯ ಬೆಕ್ಕುಗಳಿಗೆ ಮರಿಯಾಗದಂತೆ ಆಪರೇಷನ್ ಮಾಡಿಸಿ, ಗುರುತಿಗೆ ಕಿವಿಯ ತುದಿ ಚೂರು ಕತ್ತರಿಸಿ, ಹಿಡಿದ ಬೀದಿಗೇ ಬಿಡುತ್ತಾರಂತೆ. ಪುಣ್ಯದ ಕೆಲಸ. ಬೆಕ್ಕನ್ನು ಕರೆತರಲು ಹೋದಾಗ ಅಲ್ಲಿದ್ದ ಹುಡುಗಿ “ಗುರುತು ಹೇಳಿ ಆಂಟಿ,” ಅಂದಳು; ನನಗೆ ಕೇಳಿಸಿದ್ದು ಗಂಗಮ್ಮನ ದನಿ.

ಆಟೋದಲ್ಲಿ ಬರುವಾಗ ಬೆಕ್ಕಿನ ಪೆಟ್ಟಿಗೆಯ ಜಾಲರಿಯನ್ನು ರಸ್ತೆಯ ಕಡೆಗೆ ತಿರುಗಿಸಿ ಹಿಡಿದುಕೊಂಡೆ. ಫುಲ್ಲೋ ಹಾಫೋ ಎಂದು ಕೇಳುವವರಿರಲಿಲ್ಲ. ಕೇಳಿದರೂ ಉತ್ತರ ಕೊಡಲು ಅಪ್ಪನಿಲ್ಲ. ಹೊನ್ನವಳ್ಳಿಯ ಆ ಅಟ್ಟವನ್ನೂ ಕೆಡವಿಯಾಗಿದೆ. ಅಲ್ಲಿಗೆ ಹೋಗುವ ದಾರಿ ಮಾತ್ರ ನನಗಿನ್ನೂ ಗೊತ್ತು. ಅವತ್ತು ಬೋರಿಯ ಜೊತೆ ನಾನೂ ಕಿಟಕಿಯಾಚೆ ನೋಡುತ್ತ ಕೂತಿದ್ದೆನಲ್ಲ.