ಯಾಂದೆ ಕೇಳಿದ ಬೀಗದ ಕೈ

ಡಾಕಾರ್ ನಗರದ ಮಗ್ಗುಲಿನ ಪಿಕಿನ್‌ನಲ್ಲಿ ನಮ್ಮ ಯಾಂದೆ ಹೊಗೆ ಹಾಕಿದ ಮೀನು ಮಾರುತ್ತಾಳೆ, ರ‍್ಯಾಪ್ ಹಾಡುತ್ತಾಳೆ. ಹದಿನೆಂಟರಲ್ಲಿ ಹುಡುಗರ ತಂಡ ಸೇರಿದಾಗ ಅವಳಿಗೆ ಸಿಕ್ಕಿದ್ದು ಪಲ್ಲವಿ ಮಾತ್ರ, ಚರಣವೆಲ್ಲ ಗಂಡಸರದ್ದಂತೆ! ಅದನ್ನು ಬಿಟ್ಟು ನನ್ನನ್ನೂ ಇನ್ನಿಬ್ಬರನ್ನೂ ಕಟ್ಟಿಕೊಂಡು ಹೆಂಗಸರದೇ ತಂಡ ಮಾಡಿದಳು. ನಮ್ಮಜ್ಜಿಯರು ನಾಮಕರಣಗಳಲ್ಲಿ ಚಪ್ಪಾಳೆ ತಟ್ಟಿ ಗಂಡಸರ ಮಾನ ಹರಾಜು ಹಾಕುತ್ತಿದ್ದ ಪದಗಳೇ ಅವಳಿಗೆ ಪಾಠಶಾಲೆ.

ಈ ಮಳೆಗಾಲದಲ್ಲಿ ಮೇಯರ್ ನಮ್ಮ ಹೆರಿಗೆ ಕೋಣೆಗೆ ಬೀಗ ಹಾಕಿಸಿ, ಒಳಗೆ ಚುನಾವಣೆಯ ಟೀ ಶರ್ಟು ತುಂಬಿಸಿದ. ಯಾಂದೆಯ ತಂಗಿ ಸಾಫಿ ದೂರದ ಆಸ್ಪತ್ರೆಗೆ ಹೋಗುತ್ತಾ ಕುದುರೆಗಾಡಿಯಲ್ಲೇ, ಬೀದಿಯವರ ಕಣ್ಣೆದುರು ಹೆತ್ತಳು. ಅಂದಿನಿಂದ ಅವಳು ಬಾಯಿ ಬಿಡಲಿಲ್ಲ. ನನಗಂತೂ ಮೈಯೆಲ್ಲ ಉರಿಯಿತು. ಇದನ್ನೇ ಪದ ಕಟ್ಟಿ ಚೌಕದಲ್ಲಿ ಹಾಡಲು ಯಾಂದೆ ಮೂರು ಸಲ ಅರ್ಜಿ ಕೊಟ್ಟಳು. ಮೂರು ಸಲವೂ ಅನುಮತಿ ಸಿಗಲಿಲ್ಲ.

ಸಾಫಿಯ ಕೂಸಿನ ನಾಮಕರಣಕ್ಕೆ ಯಾರ ಅನುಮತಿ ಬೇಕು? ಎಂಟನೆಯ ದಿನ ಬೆಳಿಗ್ಗೆ, ಓಟು ಬೇಕಾದವನಲ್ಲವೇ, ಮೇಯರ್ ತಾನಾಗಿಯೇ ಬಂದು ಮುಂದಿನ ಕುರ್ಚಿಯಲ್ಲಿ ಕೂತ. ನಾಮಕರಣದ ಪದದಲ್ಲಿ ಹೆಸರು ಬಂದವನು ಸಿಟ್ಟಾಗುವಂತಿಲ್ಲ, ಪದ ಮುಗಿಯುವವರೆಗೆ ಏಳುವಂತಿಲ್ಲ. ಎದ್ದರೆ ಊರೇ ನಗುತ್ತದೆ. ಪುಣ್ಯಾತ್ಮ ಅದನ್ನು ಮರೆತಿದ್ದ.

ನಾವು ನೀರಿನ ಬೋಗುಣಿಯಲ್ಲಿ ಸೋರೆಬುರುಡೆ ಬೋರಲು ಹಾಕಿ ಬಡಿಯತೊಡಗಿದೆವು. ಯಾಂದೆ ಎದ್ದಳು:

"ಮೇಯರಣ್ಣ, ಹೇಳು, ನೀ ಹುಟ್ಟಿದ್ದೆಲ್ಲಿ?
ನಿಮ್ಮವ್ವ ಹೆತ್ತಿದ್ದು ಮೆತ್ತನೆ ಮಂಚದಲ್ಲಿ!
ನಮ್ಮ ಸಾಫಿ ಹೆತ್ಳು ಕುದುರೆಗಾಡೀಲಿ,
ಟೀ ಶರ್ಟು ಹೆರ್ತಾವೇನೋ ಆ ಕೋಣೇಲಿ?"

ಅಂಗಳವೆಲ್ಲ ಗೊಳ್ಳೆಂದಿತು. ಮೇಯರ್ ಹಲ್ಲು ಕಿರಿದು ಒಂದು ನೋಟು ಚಾಚಿದ.

"ನೋಟು ಬ್ಯಾಡಣ್ಣ. ಬೀಗದ ಕೈ ಕೊಡು."

"ಅದು ಆಫೀಸ್ನಾಗೈತೆ ಕಣಮ್ಮ. ನಾಳೆ ನೋಡಾನ."

"ಹಂಗಾದ್ರೆ ಪದಾನೂ ನಾಳೆಗಂಟ ಐತೆ. ಬಡೀರೇ!"

ಬಡಿದೆವು. ಬಿಸಿಲೇರಿತು, ಸಜ್ಜೆ ಗಂಜಿ ತಣ್ಣಗಾಯಿತು, ಯಾಂದೆಯ ಗಂಟಲು ಒಡೆಯಿತು, ಯಾರೂ ಉಣ್ಣಲಿಲ್ಲ. ಚರಣದ ಮೇಲೆ ಚರಣ. ಮೇಯರ್ ಬೆವರು ಒರೆಸಿ ಒರೆಸಿ ಸಾಕಾಗಿ, ಕೊನೆಗೆ ಡ್ರೈವರನನ್ನು ಅಟ್ಟಿದ. ಮಧ್ಯಾಹ್ನದ ನಮಾಜಿಗೆ ಮುಂಚೆ ಬೀಗದ ಕೈ ಯಾಂದೆಯ ಅಂಗೈಗೆ ಬಂತು. ಅವಳು ಅದನ್ನು ಸೊಂಟದ ಬಟ್ಟೆಗೆ ಗಂಟು ಹಾಕಿಕೊಂಡಳು.

"ವಾಪಸ್ ಯಾವಾಗ ಕೊಡ್ತೀಯ?" ಎಂದು ಅವನು ಗೊಣಗಿದ.

"ನೀ ಹೆರಾಕೆ ಬಂದಾಗ."

ಎಂಟು ದಿನದಿಂದ ಮೂಕಿಯಂತಿದ್ದ ಸಾಫಿ ಕೂಸನ್ನು ಎದೆಗೊತ್ತಿಕೊಂಡು ಜೋರಾಗಿ ನಕ್ಕಳು. ನಾನು ಸೋರೆಬುರುಡೆ ಬಡಿಯುವುದನ್ನು ನಿಲ್ಲಿಸಿ ಅತ್ತುಬಿಟ್ಟೆ.