ಗಿರಿಜಾ ಕಲ್ಯಾಣದಲ್ಲಿ ಮೊಬೈಲು

ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ಕತ್ತೆತ್ತಿ ನಿಂತು, ಛಾವಣಿಯ ಗಿರಿಜಾ ಕಲ್ಯಾಣದ ಚಿತ್ರವನ್ನು ಪೆನ್ಸಿಲಿನಲ್ಲಿ ಇಳಿಸಿಕೊಳ್ಳಲು ನನಗೆ ಮೂರು ಬೆಳಿಗ್ಗೆ ಬೇಕಾದವು. ಹೊಸಪೇಟೆಯ ಮನೆಗೆ ಬಂದು ಅದನ್ನು ಲಿನೋಲಿಯಂ ಹಾಳೆಯ ಮೇಲೆ ಕೊರೆದು, ಮಸಿ ಸವರಿ ಅಚ್ಚು ತೆಗೆದೆ. ಶಿವ ಪಾರ್ವತಿಯರನ್ನು ಇದ್ದಂತೆಯೇ ಬಿಟ್ಟಿದ್ದೆ. ಬದಲಾದವರು ಮದುವೆಗೆ ಬಂದವರು. ಬ್ರಹ್ಮನ ನಾಲ್ಕು ಕೈಯಲ್ಲೂ ಮೊಬೈಲು, ಋಷಿಗಳ ಕೈಯಲ್ಲಿ ಸೆಲ್ಫಿ ಕೋಲು. ಎಲ್ಲರಿಗೂ ಅಡ್ಡವಾಗಿ ಒಬ್ಬ ವಿಡಿಯೋದವನು.

ಊರಿನ ಒಂದು ಪ್ರದರ್ಶನದಲ್ಲಿ ಅದನ್ನು ತೂಗುಹಾಕಿದ್ದಾಗ, ಹಣೆತುಂಬ ವಿಭೂತಿ ಹಚ್ಚಿದ್ದ ಹಿರಿಯರೊಬ್ಬರು ಅದರ ಮುಂದೆ ನಿಂತರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವವರು.

"ಇದನ್ನ ಮಾಡಿದಾಕಿ ನೀನೇನವ್ವ?"

"ಹೌದ್ರಿ."

"ಶಿವನ ಮದುವಿನೇ ಸಿಕ್ತೇನು ನಿನಗ ನಗಚಾಟಕ್ಕ? ಮೊದ್ಲು ಕೆಳಗ ಇಳಸು."

ನಾನು ಅಳುಕಲಿಲ್ಲ. ನಮ್ಮ ಮನೆಯಲ್ಲೂ ಲಿಂಗಪೂಜೆಯಾಗದೆ ಯಾರೂ ತಿಂಡಿ ಮುಟ್ಟುವುದಿಲ್ಲ. ಯಾರನ್ನು ನೋಡಿ ನಕ್ಕಿದ್ದೇನೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

"ಶಿವಪ್ಪನ ಮುಖ ನೋಡ್ರಿ ಯಜಮಾನ್ರೇ. ಅದರಾಗ ನಗಚಾಟದ್ದು ಒಂದು ಗೆರಿ ತೋರಿಸ್ರಿ, ಈಗಿಂದೀಗ ಇಳಸ್ತೀನಿ."

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬೆರಳು ಶಿವನಿಂದ ಬ್ರಹ್ಮನಿಗೆ ಸರಿದು, ವಿಡಿಯೋದವನ ಹತ್ತಿರ ನಿಂತಿತು. ಆಮೇಲೆ ದನಿ ಇಳಿಸಿ, "ದೊಡ್ಡ ಮಗಳಿಗೆ ತಾಳಿ ಕಟ್ಟಿದ್ದು ನಾ ನೋಡಲೇ ಇಲ್ಲವ್ವ. ಇಂಥಾವನ ಬೆನ್ನೇ ಕಂಡಿದ್ದು," ಅಂದರು.

ಕುರ್ಚಿ ಕೊಟ್ಟೆ. ಚಹಾ ಕುಡಿದರು. ಹೊರಡುವಾಗ, ಕಿರಿಯ ಮಗಳ ಲಗ್ನಪತ್ರಿಕೆಗೆ ಇದೇ ಚಿತ್ರ ಬೇಕೆಂದರು. ಕೆಳಗೆ ಒಂದು ಸಾಲನ್ನೂ ಕೊರೆದುಕೊಟ್ಟೆ: "ಫೋನು ಚೀಲದಲ್ಲಿರಲಿ, ಕಣ್ಣು ಮಂಟಪದ ಮೇಲಿರಲಿ."

ಸಂಡೂರಿನ ಬೀಗರು ಮುಖ ಗಂಟು ಹಾಕಿದರು. ದೇವರ ಕೈಗೆ ಫೋನು ಕೊಟ್ಟ ಪತ್ರಿಕೆ ಹಂಚುವುದಿಲ್ಲ ಅಂದರು. ಗಿರಣಿಯ ಯಜಮಾನರು ಹಿಂದೆ ಸರಿಯುವುದರಲ್ಲಿದ್ದರು, ಮಗಳು ಬಿಡಲಿಲ್ಲ. "ಅವ್ರಿಗೆ ಬ್ಯಾಡಂದ್ರ ಬ್ಯಾರೆ ಹೊಡಿಸ್ಕೊಳ್ಳಲಿ. ನಮ್ಮ ಕಡೀದು ಇದೇ." ಹೀಗೆ ಒಂದು ಮದುವೆಗೆ ಎರಡು ಪತ್ರಿಕೆಯಾದವು.

ಮದುವೆಗೆ ನಾನೂ ಹೋಗಿದ್ದೆ. ಹೆಣ್ಣಿನ ಕಡೆಯವರು ಹೆಚ್ಚಿನವರು ಕೈ ಕಟ್ಟಿ ಕೂತಿದ್ದರು. ಗಂಡಿನ ಕಡೆಯವರು ಫೋನು ಎತ್ತಿದರು, ಆಚೀಚೆ ನೋಡಿದರು, ಒಬ್ಬೊಬ್ಬರಾಗಿ ಇಳಿಸಿದರು. ಅಷ್ಟರಲ್ಲಿ ಮಂತ್ರದ ನಡುವೆ ಜೋರಾಗಿ ಒಂದು ಫೋನು ಕೂಗಿತು. ಶಾಸ್ತ್ರಿಗಳದ್ದೇ! ಅವರು ತಡಬಡಾಯಿಸಿ ಅದನ್ನು ಸೊಂಟದಿಂದ ಎಳೆಯುವಾಗ ಮೊದಲು ನಕ್ಕವಳು ಮದುಮಗಳು. ಆಮೇಲೆ ಇಡೀ ಮಂಟಪ.

ಊಟದ ಸಾಲಿನಲ್ಲಿ ಗಂಡಿನ ತಾಯಿ ನನ್ನ ಪಕ್ಕ ಬಂದು ಕೂತರು. "ನಮ್ಮ ಮನಿ ಗೃಹಪ್ರವೇಶ ಐತ್ರಿ. ಅದಕ್ಕೂ ಇಂಥಾ ಒಂದು ಪತ್ರಿಕಿ ಮಾಡಿಕೊಡ್ತೀರೇನು? ಆದ್ರ ನಮ್ಮನ್ನ ಭಾಳ ಕಾಡಬ್ಯಾಡ್ರಿ."

"ಮಾಡ್ತೀನ್ರಿ," ಅಂದೆ. "ಕಾಡೋದು ಮಾತ್ರ ನನಗ ಬಿಡ್ರಿ."

ಅವರು ನಕ್ಕು, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.